ಚಿರತೆಯಿಲ್ಲದ ದೇಶದಲ್ಲಿ ಚಿರತೆಯ ಹೆಜ್ಜೆ

ವಾಡಿ ಜಂಕ್ಷನ್

ಇಂಗ್ಲೆಂಡಿನಿಂದ ಮರಳಿದ ಮೇಲೆ ಸೇಡಂ, ಚಿತ್ತಾಪುರದ ಬೀಗರು ನೆಂಟರೆಲ್ಲ ಮನೆಗೆ ಬಂದು ಕೇಳಿದ್ದು ಎರಡೇ ಪ್ರಶ್ನೆ. ಅಲ್ಲಿ ಜೋಳದ ರೊಟ್ಟಿ ಸಿಕ್ಕಿತೇ? ರಾಣಿಯನ್ನು ನೋಡಿದಿರಾ? ರೊಟ್ಟಿ ಸಿಕ್ಕಿತು, ಹಿಟ್ಟನ್ನು ನಾವೇ ಹೊತ್ತುಕೊಂಡು ಹೋಗಿದ್ದೆವು. ರಾಣಿ ಸಿಗಲಿಲ್ಲ. ನಾನು ನೋಡಿ ಬಂದದ್ದು ಕೆಸರಿನಲ್ಲಿ ಮೂಡಿದ ಒಂದು ಹೆಜ್ಜೆಯ ಗುರುತು. ಅದರ ಸಂಗತಿ ಹೇಳಲು ಹೊರಟರೆ ಕೇಳುವವರಿಗೆ ಬಸ್ಸಿನ ವೇಳೆ ನೆನಪಾಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಹೈಸ್ಕೂಲಿನ ತನಕ ಓದಿದವನ ಬರಹ, ಸಣ್ಣಪುಟ್ಟ ತಪ್ಪುಗಳಿದ್ದರೆ ಓದುವವರು ತಿದ್ದಿಕೊಳ್ಳಬೇಕು. ದೊಡ್ಡ ತಪ್ಪೊಂದಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮದಿನ್ನೂ ಮೈಸೂರು ರಾಜ್ಯವೆನ್ನುತ್ತಿದ್ದ ಕಾಲ. ಚಿಂಚೋಳಿ ತಾಲೂಕಿನಲ್ಲಿ, ಐನಾಪುರದಿಂದ ಆಚೆ ಗುಡ್ಡ ಶುರುವಾಗುವ ಕಡೆಯ ಒಂದು ಹಳ್ಳಿಗೆ ನಾನು ಪೊಲೀಸ್ ಪಾಟೀಲನಾಗಿದ್ದೆ. ಊರಿನಲ್ಲಿ ಕಳವು, ಬಡಿದಾಟ, ಸಾವು ಏನಾದರೂ ಆದರೆ ಐದು ಜನ ಪಂಚರನ್ನು ಕರೆದುಕೊಂಡು ಸ್ಥಳಕ್ಕೆ ಹೋಗುವುದು, ಕಂಡದ್ದನ್ನು ಪಂಚನಾಮೆ ಬರೆಯುವುದು, ಪಂಚರ ಹೆಬ್ಬೆಟ್ಟು ಹಾಕಿಸಿ ಠಾಣೆಗೆ ಕಳಿಸುವುದು ನನ್ನ ಕೆಲಸ. ಊರವರ ಕುರಿಗಳನ್ನೆಲ್ಲ ಒಂದೇ ಹಿಂಡು ಮಾಡಿ ಕಾಯುತ್ತಿದ್ದವನು ಬೀರಪ್ಪ. ಸುಗ್ಗಿಯಲ್ಲಿ ಮನೆಮನೆಯವರು ಅವನಿಗೆ ಜೋಳ ಅಳೆಯುತ್ತಿದ್ದರು. ಅದೇ ಅವನ ಬದುಕು.

ಒಂದು ಬೇಸಿಗೆಯ ಬೆಳಿಗ್ಗೆ ಬೀರಪ್ಪ ಗುಡ್ಡದಿಂದ ಓಡುತ್ತ ಬಂದ.

"ಗೌಡ್ರ, ಚಿರತಿ ಹಿಡದದರಿ! ಬಸಣ್ಣಗೌಡ್ರ ಕುರಿ. ಅರ್ಧಾ ತಿಂದು ಒಗದು ಹೋಗ್ಯಾದ. ಹೆಜ್ಜಿ ಚಂದಾಗಿ ಮೂಡ್ಯಾವ. ಬಂದು ನೋಡ್ರಿ."

"ನಡಿ, ಬರ್ತೀನಿ" ಎಂದೆ.

ಹೋಗಲಿಲ್ಲ. ಗುಡ್ಡ ಎರಡು ಮೈಲಿ, ಮೇಲೆ ಬಿಸಿಲು. ಚಾವಡಿಯ ಮುಂದಿನ ಬೇವಿನ ಮರದ ಕೆಳಗೆ ಗಾಳಿ ತಂಪಾಗಿ ಬೀಸುತ್ತಿತ್ತು. ಪಂಚರು ಐವರೂ ಅಲ್ಲೇ ಇದ್ದರು. ಅವರಲ್ಲಿ ಶಿವರಾಯನೆಂಬವನು ಗೊರಕೆ ಹೊಡೆಯುತ್ತಿದ್ದ. ಕುರಿ ಕಳಕೊಂಡ ಬಸಣ್ಣ ನನ್ನ ದೊಡ್ಡಪ್ಪನ ಮಗ.

"ಚಿರತಿನೂ ಇಲ್ಲ, ಏನೂ ಇಲ್ಲ ತಮ್ಮಾ. ಕುರಿ ತಾಂಡೂರ ಸಂತ್ಯಾಗ ಮಾರಿ ಕಥಿ ಕಟ್ಯಾನ. ನಮ್ಮ ಗುಡ್ಡಕ್ಕ ಚಿರತಿ ಹ್ಯಾಂಗ ಬರ್ತದ, ಬಸ್ಸಿನ್ಯಾಗೇನು?" ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಬರೆದೆ: ಸ್ಥಳಕ್ಕೆ ಹೋಗಿ ನೋಡಲಾಗಿ ಸತ್ತ ಕುರಿಯಾಗಲಿ, ಕಾಡುಪ್ರಾಣಿಯ ಹೆಜ್ಜೆಯಾಗಲಿ ಕಂಡುಬಂದಿರುವುದಿಲ್ಲ. ನಾಲ್ವರು ಹೆಬ್ಬೆಟ್ಟು ಒತ್ತಿದರು. ಶಿವರಾಯನನ್ನು ಎಬ್ಬಿಸುವುದು ಬೇಡವೆಂದು ಅವನ ಬೆರಳಿಗೆ ಮಸಿ ಹಚ್ಚಿ ನಾವೇ ಒತ್ತಿಸಿಕೊಂಡೆವು.

ಠಾಣೆಯವರು ಬೀರಪ್ಪನಿಗೆ ಏನೂ ಮಾಡಲಿಲ್ಲ. ಊರು ಮಾಡಿತು. ಹಿಂಡು ಬಿಡಿಸಿಕೊಂಡಿತು. ತಿಂಗಳೊಳಗೆ ಅವನು ಹೆಂಡತಿಯನ್ನು ಕರೆದುಕೊಂಡು ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲಿನ ಗಣಿಗೆ ಕೂಲಿಗೆ ಹೋದ. ಊರಲ್ಲಿ ಯಾರಾದರೂ ಸುಳ್ಳು ಹೇಳಿದರೆ "ಬೀರನ ಚಿರತಿ ಬಂತೇನು?" ಎಂದು ಕೇಳುವುದು ರೂಢಿಯಾಯಿತು. ಅಲ್ಲಿ ಚಿರತೆ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು.

ಇಪ್ಪತ್ತು ವರ್ಷದ ಮೇಲೆ, ರಾಜ್ಯದ ಹೆಸರು ಕರ್ನಾಟಕವಾಗಿ ಎಷ್ಟೋ ಕಾಲವಾದ ಮೇಲೆ, ನಾನು ವಾಡಿ ಜಂಕ್ಷನ್ನಿನಲ್ಲಿ ಬೊಂಬಾಯಿ ಗಾಡಿಗೆ ಕಾಯುತ್ತ ನಿಂತಿದ್ದೆ. ಮಗಳು ಸುವರ್ಣಾ ಇಂಗ್ಲೆಂಡಿನಲ್ಲಿದ್ದಳು, ಅಳಿಯ ಅಲ್ಲಿ ಡಾಕ್ಟರು. ನಮ್ಮ ಕಡೆ ಚೊಚ್ಚಲ ಬಾಣಂತನ ತವರುಮನೆಯದು. ತುಂಬಿದ ಬಸುರಿ ವಿಮಾನ ಹತ್ತುವಂತಿಲ್ಲ ಎಂದು ಅಳಿಯನ ಪತ್ರ ಬಂತು.

"ಅಕಿಗಿ ಬರ್ಲಿಕ್ಕಾಗಲಿಲ್ಲಂದ್ರ ತವರುಮನಿನೇ ಹೋಗ್ತದ" ಎಂದಳು ನನ್ನ ಹೆಂಡತಿ ಶರಣಮ್ಮ. ಹಾಗೆ ತವರುಮನೆ ಹೊರಟಿತು: ಜೋಳದ ಹಿಟ್ಟು, ಅಂಟಿನುಂಡಿ, ಉತ್ತತ್ತಿ, ಶೇಂಗಾ ಹಿಂಡಿ, ಒಣಗಿಸಿದ ಪುಂಡಿಪಲ್ಯ, ವಿಭೂತಿ ಗಟ್ಟಿ, ಬಾಣಂತಿಗೆ ಹೊಗೆ ಹಾಕಲು ಲೋಬಾನ. ಎಲ್ಲಕ್ಕೂ ಕೆಳಗೆ, ನನಗೆ ತಿಳಿಸದೆ, ಹೊಗೆಯ ಕೆಂಡಕ್ಕೆಂದು ಸಗಣಿಯ ಕುಳ್ಳು.

ಲಂಡನ್ನಿನ ವಿಮಾನ ನಿಲ್ದಾಣ

ಕುಳ್ಳು ಸಿಕ್ಕಿದ್ದು ಲಂಡನ್ನಿನ ತಪಾಸಣೆಯವನಿಗೆ. ಬಿಳಿ ಕೈಗವಸು ತೊಟ್ಟು ಒಂದನ್ನು ಎತ್ತಿ ಹಿಡಿದು ಏನಿದು ಎಂದ. ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ಆಕಳು ಕೊಡುವ ಪದಾರ್ಥವೆಂದು ವಿವರಿಸಿದೆ. ಹಾಲಿನದ್ದೇ ಎಂದು ಕೇಳಿದ. ಇನ್ನೊಂದು ಎಂದೆ. ಅವನು ಅದನ್ನು ಮೆಲ್ಲಗೆ ಕೆಳಗಿಟ್ಟ.

ಆಮೇಲೆ ವಿಭೂತಿಯ ಸರದಿ. ಮೂಸಿದ, ಉಗುರಿನಿಂದ ಕೆರೆದ, ಇನ್ನೊಬ್ಬನನ್ನು ಕರೆದ. ಇಬ್ಬರೂ ಸೇರಿ ನಮ್ಮಿಬ್ಬರ ಹಣೆಯನ್ನು ಪರೀಕ್ಷೆ ಮಾಡಿದರು. ಶರಣಮ್ಮನಿಗೆ ತಡೆಯಲಿಲ್ಲ.

"ಇಷ್ಟ್ಯಾಕ ಫಿಕರ್ ಮಾಡ್ತೀಯೋ ಯಪ್ಪಾ, ಹಚ್ಕೋ. ಭಾಳ ಚಲೋ ಆಗ್ತದ" ಎಂದು ಮೊದಲಿನವನ ಹಣೆಗೆ ಮೂರು ಬೆರಳಿನಲ್ಲಿ ಬಳಿದೇಬಿಟ್ಟಳು. ಅವನು ಒರೆಸಿಕೊಳ್ಳಲಿಲ್ಲ. ಅದು ಸಭ್ಯತೆಯೋ ಗಾಬರಿಯೋ ತಿಳಿಯಲಿಲ್ಲ. ಕುಳ್ಳನ್ನು ಇಟ್ಟುಕೊಂಡು ನಮ್ಮನ್ನು ಬಿಟ್ಟ. ಹಿಂದಿರುಗಿ ನೋಡಿದರೆ ತ್ರಿಪುಂಡ್ರಧಾರಿಯಾಗಿ ಮುಂದಿನವರ ಪೆಟ್ಟಿಗೆ ತೆರೆಸುತ್ತಿದ್ದ.

ಮಗಳ ಊರು, ಮೊದಲ ವಾರ

ನಾವು ಮುಟ್ಟುವ ನಾಲ್ಕು ದಿನ ಮೊದಲೇ ಹೆಣ್ಣು ಕೂಸು ಹುಟ್ಟಿತ್ತು. ಇದು ವಿಮಾನದವರ ತಪ್ಪೆಂದು ಶರಣಮ್ಮ ಕೊನೆಯವರೆಗೂ ನಂಬಿದ್ದಳು.

ಸಣ್ಣ ಊರು. ಅಳಿಯನ ಮನೆ ಊರ ಕಡೆಯ ಅಂಚಿಗಿತ್ತು. ಕಿಟಕಿಯಾಚೆ ಹುಲ್ಲುಗುಡ್ಡಗಳು, ಕಲ್ಲಿನ ಗೋಡೆಗಳು, ಲೆಕ್ಕವಿಲ್ಲದಷ್ಟು ಕುರಿ. ಎರಡು ದಿನ ಕಿಟಕಿಯಲ್ಲಿ ಕುಳಿತು ಕುರಿಗಾರನನ್ನು ಹುಡುಕಿದೆ. ಒಬ್ಬನೂ ಇಲ್ಲ. ಕುರಿಗಳು ತಮ್ಮಷ್ಟಕ್ಕೆ ಮೇಯುತ್ತಿದ್ದವು. ಕಾಯುವವನೇ ಇಲ್ಲದ ಮೇಲೆ ಅಲ್ಲಿಯ ಪಾಟೀಲರು ಯಾರ ಮೇಲೆ ಪಂಚನಾಮೆ ಬರೆಯುತ್ತಾರೋ ಎಂದು ಯೋಚನೆಯಾಯಿತು.

ಆ ಜನ ದಿನವೂ ಮಳೆಯ ಬಗ್ಗೆ ಮಾತಾಡುತ್ತಾರೆ. ನಮ್ಮಲ್ಲಿ ಮಳೆ ಬಾರದ್ದಕ್ಕೆ ಮಾತಾಡುತ್ತೇವೆ, ಅವರು ಬಂದದ್ದಕ್ಕೆ. ನೀವು ಅವರ ಕಾಲು ತುಳಿದರೆ ಅವರೇ ನಿಮ್ಮ ಕ್ಷಮೆ ಕೇಳುತ್ತಾರೆ. ಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ವರ್ಷಗಟ್ಟಲೆ ತಿಳಿಯುವುದಿಲ್ಲವಂತೆ. ನಮಗೆ ಐದನೆಯ ದಿನವೇ ತಿಳಿಯಿತು.

ಆ ದಿನ ಶರಣಮ್ಮ ಬಾಣಂತಿಗೂ ಕೂಸಿಗೂ ನೀರೆರೆದು, ಬಾಣಲೆಯಲ್ಲಿ ಇದ್ದಿಲ ಕೆಂಡ ಮಾಡಿ ಲೋಬಾನ ಹಾಕಿದಳು. ಮಾಳಿಗೆಗೆ ಅಂಟಿಸಿದ್ದ ತಟ್ಟೆಯಂಥ ಯಂತ್ರವೊಂದು ಕಿರುಚತೊಡಗಿತು. ಕೂಸೂ ಜೊತೆಗೂಡಿತು. ಸ್ವಲ್ಪ ಹೊತ್ತಿಗೆ ಬೆಂಕಿ ಆರಿಸುವ ಕೆಂಪು ಬಂಡಿ ಬಂದು ನಾಲ್ಕು ಜನ ಟೊಪ್ಪಿಗೆಯವರು ಒಳಗೆ ನುಗ್ಗಿದರು.

"ಬಾಣಂತಿ ಕೋಣ್ಯಾಗ ಗಂಡಸ್ರಿಗೇನು ಕೆಲಸ? ನಡೀರಿ ಹೊರಗ!" ಎಂದು ಶರಣಮ್ಮ ಬಾಣಲೆ ಎತ್ತಿಕೊಂಡಳು. ಭಾಷೆ ತಿಳಿಯದಿದ್ದರೂ ನಾಲ್ವರೂ ಹೊರಗೆ ಹೋಗಿ ನಿಂತರು. ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಎಲ್ಲರೂ ಚದುರಿದ ಮೇಲೂ ಒಬ್ಬ ಮುದುಕ ನಿಂತೇ ಇದ್ದ. ವಾಸನೆ ಚೆನ್ನಾಗಿದೆ ಎಂದ.

ಅವನ ಹೆಸರು ಆರ್ಥರ್. ಶರಣಮ್ಮನ ಬಾಯಲ್ಲಿ ಅರ್ಥರಪ್ಪನಾದ. ಹೆಂಡತಿ ಸತ್ತಿದ್ದಳು. ಹೊಲವನ್ನೆಲ್ಲ ಮಗನಿಗೆ ಬಿಟ್ಟುಕೊಟ್ಟು ಊರೊಳಗೆ ಇದ್ದ. ತನ್ನದೆಂದು ಒಂದಿಷ್ಟು ಕುರಿಗಳನ್ನು ಮಾತ್ರ ಉಳಿಸಿಕೊಂಡಿದ್ದ. ದಿನಾ ಗುಡ್ಡಕ್ಕೆ ಹೋಗಿ ನೋಡಿ ಬರುತ್ತಿದ್ದ, ಬರುವಾಗ ನಮ್ಮ ಮನೆಗೆ ತತ್ತಿ ತರುತ್ತಿದ್ದ. ನಾವು ತತ್ತಿ ಮುಟ್ಟದ ಜನವೆಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅವು ಎಲ್ಲಿ ಹೋಗುತ್ತಿದ್ದವೆಂದು ಅಳಿಯನನ್ನು ನಾವು ಕೇಳಲಿಲ್ಲ. ಅರ್ಥರಪ್ಪನ ಇಂಗ್ಲಿಷು ಸುವರ್ಣಾಳಿಗೇ ಅರ್ಧ ತಿಳಿಯುತ್ತಿತ್ತು. ಅವಳು ನಮ್ಮ ಮಾತಿನಲ್ಲಿ ಹೇಳಿದ್ದನ್ನೇ ಬರೆದಿದ್ದೇನೆ. ಅರ್ಥರಪ್ಪ ಚಿಂಚೋಳಿಯವನಂತೆ ಮಾತಾಡಿದರೆ ತಪ್ಪು ಅವನದಲ್ಲ.

ಮೂರನೆಯ ವಾರ

ಆ ದೇಶದಲ್ಲಿ ಚಿರತೆ ಇಲ್ಲ, ಹುಲಿ ಇಲ್ಲ, ಕಾಡಿನಲ್ಲಿ ನರಿಗಿಂತ ದೊಡ್ಡ ಬೇಟೆಗಾರನಿಲ್ಲ. ಆದರೂ ಅಲ್ಲಿಯ ಪತ್ರಿಕೆಯಲ್ಲಿ ವಾರವಾರವೂ ಚಿರತೆಯೇ. ಕರಿಯ ದೊಡ್ಡ ಬೆಕ್ಕಿನಂಥ ಪ್ರಾಣಿ ಗುಡ್ಡದಲ್ಲಿ ಓಡಾಡುತ್ತಿದೆ ಎಂದು. ಅಂಚೆಯವನು ಬೆಳಿಗ್ಗೆ ಒಂಬತ್ತಕ್ಕೆ ಅದು ರಸ್ತೆ ದಾಟುವುದನ್ನು ಕಂಡಿದ್ದ. ನಿವೃತ್ತ ಮಾಸ್ತರತಿಯೊಬ್ಬಳು ಗುಲಾಬಿ ಗಿಡ ಕತ್ತರಿಸುವಾಗ ಬೇಲಿಯಾಚೆ ಕಂಡಿದ್ದಳು. ಒಬ್ಬ ಎರಡು ಸಲ ಕಂಡಿದ್ದ, ಎರಡನೆಯ ಸಲ ಹೆಂಡತಿ ಪಕ್ಕದಲ್ಲೇ ಇದ್ದಳು, ಅವಳಿಗೆ ಕಂಡಿರಲಿಲ್ಲ. ಫೋಟೋ ಕೂಡ ಹಾಕಿದ್ದರು: ಹುಲ್ಲಿನ ನಡುವೆ ಒಂದು ಕರಿ ಚುಕ್ಕೆ. ನಮ್ಮ ಮನೆಯ ರೊಟ್ಟಿಯ ಮೇಲಿನ ಸೀದ ಕಲೆ ಅದಕ್ಕಿಂತ ಚಿರತೆಯನ್ನು ಹೋಲುತ್ತದೆ.

ಹಿಂದೆ ಶ್ರೀಮಂತರು ಚಿರತೆ ಮರಿಗಳನ್ನು ಸಾಕುತ್ತಿದ್ದರಂತೆ. ಸರಕಾರ ಕಾಯಿದೆ ಬಿಗಿ ಮಾಡಿದ ಮೇಲೆ ಗುಡ್ಡಕ್ಕೆ ಬಿಟ್ಟರಂತೆ. ಇದು ಅಲ್ಲಿನವರ ಊಹೆ.

"ಚೀಲದಾಗ ಹಾಕಿ ಬೆಕ್ಕು ಬಿಟ್ಟು ಬಂದಂಗ?" ಎಂದು ಶರಣಮ್ಮ ಬೆರಗಾದಳು. "ಬೆಕ್ಕು ಹೊಳ್ಳಿ ಮನಿಗೇ ಬರ್ತದ. ಇದೂ ಬರ್ತದ, ನೋಡ್ತಿರ್ರಿ."

ನನ್ನನ್ನು ತಟ್ಟಿದ್ದು ಬೇರೆ ಸಂಗತಿ. ಅಂಚೆಯವನ ಮಾತಿಗೆ ಯಾರೂ ನಗಲಿಲ್ಲ. ಮಾಸ್ತರತಿಯ ಮಾತಿಗೂ ನಗಲಿಲ್ಲ. ಎಲ್ಲರೂ ತಲೆದೂಗಿ ಎಷ್ಟು ಉದ್ದವಿತ್ತು, ಬಾಲ ಹೇಗಿತ್ತು ಎಂದು ಕೇಳಿ ಬರೆದುಕೊಂಡಿದ್ದರು. ನಗುತ್ತಿದ್ದದ್ದು ಅರ್ಥರಪ್ಪನೊಬ್ಬನ ಮಾತಿಗೆ ಮಾತ್ರ. ಅವನ ಎರಡು ಕುರಿ ಸತ್ತಿದ್ದವು. ತಾನು ಅದನ್ನು ಹತ್ತಿರದಿಂದ ಕಂಡೆ ಎನ್ನುತ್ತಿದ್ದ. ಅಪ್ಪನ ತಲೆ ಕೆಡುತ್ತಿದೆ, ಕುರಿಗಳನ್ನು ಬಿಡಿಸಿ ಮುದುಕರನ್ನು ಇಡುವ ಮನೆಗೆ ಸೇರಿಸಬೇಕು ಎಂದು ಅವನ ಮಗ ನಮ್ಮ ಅಳಿಯನ ಹತ್ತಿರವೇ ವಿಚಾರಿಸಿದ್ದ. ಊರವರು ಕಂಡರೆ ಸುದ್ದಿ, ಅವನು ಕಂಡರೆ ಕಾಯಿಲೆ.

"ನಾಯಿ ಅಲ್ಲರಿ ಅದು" ಎಂದು ನಮ್ಮ ಮನೆಯ ಸೋಫಾದ ತುದಿಗೆ ಕುಳಿತು ಹೇಳಿದ. "ಇಡೀ ಜನ್ಮ ನಾಯಿ ನೋಡೀನಿ. ನನ್ನ ಮಗ ನಂಬವಲ್ಲ. ಈ ಕುರಿ ಬಿಡಿಸಿದ್ರ ಮುಂಜಾನೆ ಎದ್ದು ನಾ ಎಲ್ಲಿಗಿ ಹೋಗ್ಲಿ? ನೀವು ಚಿರತಿ ದೇಶದವ್ರು. ನೀವು ನೋಡಿದ್ರ ಗೊತ್ತಾಗ್ತದ."

ಶರಣಮ್ಮ ಕೂಸಿಗೆ ಕುಲಾವಿ ಕಟ್ಟುತ್ತ ಹೇಳಿದಳು: "ಅವಂಗ ಹೇಳು ಸುವರ್ಣಾ, ನಿಮ್ಮಪ್ಪ ಪೊಲೀಸ್ ಪಾಟೀಲ ಇದ್ರು. ಚಿರತಿ ಪಂಚನಾಮಿ ಬರದಾರ ಅಂತ."

ಅವನು ಹೋದ ಮೇಲೆ "ಯಾಕ ಹೇಳ್ದಿ?" ಎಂದೆ.

"ಯಾಕ, ಸುಳ್ಳೇನು? ಬರದೀರಲ್ಲ."

ಗುಡ್ಡ

ಎರಡು ದಿನ ಕಳೆದು ಬೆಳಿಗ್ಗೆ ಅರ್ಥರಪ್ಪ ಬಾಗಿಲು ಬಡಿದ. ಮತ್ತೊಂದು ಕುರಿ ಸತ್ತಿತ್ತು, ಪಕ್ಕದಲ್ಲಿ ಹೆಜ್ಜೆ ಮೂಡಿತ್ತು. ಅಳಿಯನಿಗೆ ಆ ದಿನ ರಜೆ, ಅವನೂ ಜೊತೆಯಾದ. ಅವನ ಮಳೆಕೋಟು ತೊಟ್ಟು ನಾನು ಹೊರಟೆ. ಪೊಲೀಸಿನವನೂ ಬಂದ, ಇಪ್ಪತ್ತೈದರ ಆಸುಪಾಸಿನ ಕೆಂಪು ಕೆನ್ನೆಯವನು. ಅರ್ಥರಪ್ಪನ ಮಗನೂ ಬಂದ. ಎರಡು ಮೈಲಿ ಏರು, ಮುಖಕ್ಕೆ ರಾಚುವ ಮಳೆ. ಆ ಪೊಲೀಸಿನವನು ಒಂದು ಸಲವೂ ನಿಲ್ಲಲಿಲ್ಲ. ಅಲ್ಲಿ ದಾರಿಯಲ್ಲಿ ಬೇವಿನ ಮರ ಇರಲಿಲ್ಲವೆಂಬುದನ್ನೂ ಹೇಳಬೇಕು.

ಹೆಜ್ಜೆ ಅಳಿಸಬಾರದೆಂದು ಅರ್ಥರಪ್ಪ ಬಕೀಟು ಬೋರಲು ಹಾಕಿದ್ದ. ಅದನ್ನು ಎತ್ತಿದ. ಪೊಲೀಸಿನವನು ಕೆಸರಿನಲ್ಲಿ ಮೊಣಕಾಲೂರಿ ಅಳೆದ, ಬರೆದ, ಅಚ್ಚು ತೆಗೆಯಲು ಬಿಳಿ ಸುಣ್ಣದಂಥದ್ದು ಕಲಸಿ ಸುರಿಯಲು ಸಿದ್ಧ ಮಾಡಿದ. ಹೆಜ್ಜೆಯ ಗುರುತನ್ನು ಸ್ಥಳದಲ್ಲಿ ನೋಡಿ ಬರೆಯುವುದನ್ನು ನಾನು ನನ್ನ ಜನ್ಮದಲ್ಲಿ ಮೊದಲ ಸಲ ಕಂಡೆ.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ಮಾವಾರ, ಇದು ಚಿರತಿ ಹೆಜ್ಜಿ ಹೌದೋ ಅಲ್ಲೋ ಕೇಳ್ಲಿಕತ್ತಾರ" ಎಂದ ಅಳಿಯ.

ನಾನು ಬಗ್ಗಿ ನೋಡಿದೆ. ಅಂಗೈಯಗಲದ ಗುಂಡಿ, ಮುಂದೆ ನಾಲ್ಕು ಬೆರಳು. ಅದು ಚಿರತೆಯದಿರಬಹುದು, ನಾಯಿಯದಿರಬಹುದು, ಚಿಂಚೋಳಿಯವನಾದ ನನಗೆ ಎರಡೂ ಒಂದೇ. ಒಂದು ಚಿಟಿಕೆ ಮಣ್ಣು ತೆಗೆದು ಮೂಸಿದೆ. ಯಾಕೆ ಮೂಸಿದೆನೆಂದು ಕೇಳಬೇಡಿ, ಏನೂ ತಿಳಿಯದವನು ಏನಾದರೂ ಮೂಸಲೇಬೇಕಾಗುತ್ತದೆ. ತಲೆಯೆತ್ತಿದರೆ ಅರ್ಥರಪ್ಪನ ಮುಖ. ಮಳೆ ಅವನ ಟೊಪ್ಪಿಗೆಯಿಂದ ಇಳಿಯುತ್ತಿತ್ತು. ಹಿಂದೆ ಮಗ ಕೈಕಟ್ಟಿ ನಿಂತಿದ್ದ. ನನಗೆ ಬೀರಪ್ಪ ನೆನಪಾದ. ಆಗ ಇಲ್ಲವೆಂದು ಬರೆದು ಒಬ್ಬನನ್ನು ಕೆಡಿಸಿದ್ದೆ. ಈಗ ಹೌದೆಂದು ಹೇಳಿ ಒಬ್ಬನನ್ನು ಉಳಿಸಿದರೆ ಸರಿಹೋಗಬಹುದು ಎನಿಸಿತು.

"ಚಿರತೆಯೇ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಪಾಟೀಲಕಿ ಮಾಡುವಾಗಿನ ದನಿ ತಾನಾಗಿ ಬಂತು. "ಗಂಡು."

ಗಂಡೋ ಹೆಣ್ಣೋ ಎಂದು ಯಾರೂ ಕೇಳಿರಲಿಲ್ಲ. ಸುಳ್ಳಿಗೆ ಒಂದು ವಿವರ ಹೆಚ್ಚು ಸೇರಿಸುವುದು ಹಳೆಯ ಅಭ್ಯಾಸ.

ನಾಲ್ಕನೆಯ ವಾರ

ಪತ್ರಿಕೆಯಲ್ಲಿ ಮಳೆಕೋಟಿನಲ್ಲಿ ನನ್ನ ಫೋಟೋ ಬಂತು. ಭಾರತದ ಹಿರಿಯ ಪೊಲೀಸ್ ಅಧಿಕಾರಿ, ಚಿರತೆಗಳ ನಡುವೆಯೇ ಬೆಳೆದವರು, ಅದು ಗಂಡು ಚಿರತೆಯೆಂದು ಖಚಿತಪಡಿಸಿದ್ದಾರೆ ಎಂದು. ಬೀದಿಯಲ್ಲಿ ಜನ ನಿಲ್ಲಿಸಿ ಕೈಕುಲುಕಿದರು. ಆ ವಾರ ಊರಿಗೆ ಊರೇ ಚಿರತೆ ಕಂಡಿತು. ಕಡೆಗೆ ಶರಣಮ್ಮನೂ ಕಂಡಳು, ಕೂಸಿನ ಬಟ್ಟೆ ಒಣಹಾಕುವಾಗ.

"ಗ್ವಾಡಿ ಮ್ಯಾಲ ಹೋಯ್ತರಿ. ಬಾಲ ಇಷ್ಟುದ್ದ."

"ಖರೇನೇ ಕಂಡಿ?"

"ನೀವು ಗಂಡು ಅಂತ ಹ್ಯಾಂಗ ಕಂಡ್ರಿ, ಹಂಗೇ."

ಅರ್ಥರಪ್ಪ ಮಾತ್ರ ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಮಧ್ಯಾಹ್ನ ಬಂದ, ತತ್ತಿ ತಂದಿರಲಿಲ್ಲ. ಮಗ ಕುರಿ ಬಿಡಿಸುವ ಮಾತು ನಿಲ್ಲಿಸಿದ್ದಾನೆ ಎಂದು ಹೇಳಿದ. ಹೇಳಿದ ರೀತಿಯಲ್ಲಿ ಸಂತೋಷ ಇರಲಿಲ್ಲ.

"ಪಾಟೀಲ್ರ, ಒಂದು ಕೇಳ್ತೀನಿ. ಅದು ಗಂಡು ಅಂತ ಹ್ಯಾಂಗ ಗೊತ್ತಾಯ್ತು?"

ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ:

"ನಾ ಕಂಡಿದ್ದು ಹೆಣ್ಣು. ಹಿಂದ ಮರಿ ಇತ್ತು. ಮರಿ ಸುದ್ದಿ ಹೇಳಿದ್ರ ಇನ್ನಷ್ಟು ನಗ್ತಾರಂತ ಯಾರಿಗೂ ಹೇಳಿದ್ದಿಲ್ಲ."

ನಾನು ಎಲ್ಲವನ್ನೂ ಹೇಳಿದೆ. ಚಿರತೆಯ ಹೆಜ್ಜೆಯನ್ನು ನಾನು ಎಂದೂ ಕಂಡವನಲ್ಲ ಎಂದೆ. ಬೇವಿನ ನೆರಳು, ಮಲಗಿದ್ದ ಶಿವರಾಯನ ಹೆಬ್ಬೆಟ್ಟು, ಬೀರಪ್ಪ ಊರು ಬಿಟ್ಟದ್ದು, ಎಲ್ಲ. ಸುವರ್ಣಾ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಊರಲ್ಲಿ "ಬೀರನ ಚಿರತಿ" ಎಂದು ಆಡುತ್ತ ಬೆಳೆದವಳು ಅವಳು. ಆ ಮಾತು ಎಲ್ಲಿಂದ ಬಂತೆಂದು ಅವಳಿಗೆ ತಿಳಿದದ್ದು ಆಗಲೇ. ನಡುವೆ ಒಂದು ಕಡೆ ನಿಂತುಬಿಟ್ಟಳು. ಅರ್ಥರಪ್ಪ ಕಾದ. ಅವಳು ಮುಂದುವರಿಸಿದಳು, ನನ್ನ ಕಡೆ ನೋಡಲಿಲ್ಲ.

"ಆ ಬೀರಪ್ಪಗ ಹೇಳೀರೇನು?" ಎಂದು ಅರ್ಥರಪ್ಪ ಕೇಳಿದ್ದು ಇಷ್ಟೇ.

"ಇಲ್ಲ."

ಅವನು ಟೊಪ್ಪಿಗೆ ಹಾಕಿಕೊಂಡು ಎದ್ದ. "ಬರ್ರಿ, ಠಾಣೆಗಿ ಹೋಗೋಣು. ಕಾಣದವ್ನ ಸಾಕ್ಷಿ ನನಗ ಬ್ಯಾಡ. ನಾ ಕಂಡೀನಿ, ಸಾಕು."

"ಮಗ ಮತ್ತ ಕುರಿ ಬಿಡಿಸಿದ್ರ?"

"ಬಿಡಸ್ಲಿ."

ಠಾಣೆಯಲ್ಲಿ ಆ ಕೆಂಪು ಕೆನ್ನೆಯವನು ನಾನು ಹೇಳಿದ್ದನ್ನು ಪೂರ್ತಿ ಕೇಳಿ, ತನ್ನ ಪುಸ್ತಕ ತೆಗೆದು ನನ್ನ ಹೇಳಿಕೆಯ ಮೇಲೆ ಒಂದು ಗೆರೆ ಎಳೆದ. ಗೆರೆಯ ಪಕ್ಕದಲ್ಲಿ ನನ್ನಿಂದ ಸಹಿ ಹಾಕಿಸಿದ. ಬೈಯುತ್ತಾನೆಂದು ಕಾದಿದ್ದೆ, ಚಹಾ ಕೊಟ್ಟ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ನಾವು ಹೊರಡುವ ಹಿಂದಿನ ದಿನ ಅರ್ಥರಪ್ಪನ ಮಗ ಬಂದು ಅಳಿಯನಿಗೆ ಹೇಳಿ ಹೋದ. ತನಗೆ ಅನುಕೂಲವಾದ ಸಾಕ್ಷಿಯನ್ನು ತಾನೇ ನಡೆದು ಹೋಗಿ ಹೊಡೆದುಹಾಕಿಸುವವನ ತಲೆ ಕೆಟ್ಟಿರಲು ಸಾಧ್ಯವಿಲ್ಲ, ಕುರಿ ಅಪ್ಪನ ಹತ್ತಿರವೇ ಇರಲಿ ಎಂದು. ನನ್ನ ಸುಳ್ಳು ಅವನ ಮಾತನ್ನು ಮುಚ್ಚಿಸಿತ್ತು, ಮನಸ್ಸನ್ನು ಬದಲಿಸಿದ್ದು ಅಪ್ಪನ ಸತ್ಯ. ಅಚ್ಚು ತೆಗೆದ ಹೆಜ್ಜೆಯನ್ನು ಯಾವುದೋ ಪಂಡಿತರಿಗೆ ಕಳಿಸಿದ್ದರು. ಉತ್ತರ ಬಂದಿರಲಿಲ್ಲ.

ಶಹಾಬಾದ

ಊರಿಗೆ ಬಂದು ಹದಿನೈದು ದಿನ ಆಯಾಸವೆಂದು ಮಲಗಿದೆ. ಹದಿನಾರನೆಯ ದಿನ ಶರಣಮ್ಮ ಚಹಾದ ಬಟ್ಟಲನ್ನು ಎದುರಿಗೆ ಕುಕ್ಕಿದಳು.

"ಸಮುದ್ರಾ ದಾಟಿ ಹೋಗಿ ಅರ್ಥರಪ್ಪಗ ಹೇಳ್ದ್ರಿ. ಶಹಾಬಾದಕ್ಕ ಹೋಗ್ಲಿಕ್ಕೂ ವಿಮಾನ ಬೇಕೇನು?"

ಗಣಿ ಕೂಲಿಗಳ ಓಣಿಯಲ್ಲಿ ಬೀರಪ್ಪ ಸಿಕ್ಕಿದ. ಫರಸಿಕಲ್ಲುಗಳ ಗುಂಪಿನ ಪಕ್ಕ ಕುಳಿತು ಉಳಿ ಹಿಡಿದು ಅಂಚು ತಟ್ಟುತ್ತಿದ್ದ. ಹುಬ್ಬಿನ ಮೇಲೆ ಕಲ್ಲಿನ ಹುಡಿ. ನನ್ನನ್ನು ಕೂಡಲೇ ಗುರುತು ಹಿಡಿದ.

"ಬರ್ರಿ ಗೌಡ್ರ, ಕುಂದ್ರಿ" ಎಂದು ಒಂದು ಹಾಸುಗಲ್ಲು ಒರೆಸಿದ. ಎರಡು ಪುಟ ಬರೆದುಕೊಂಡು ಹೋಗಿದ್ದೆ, ಓದಿದೆ. ನಾನು ಸ್ಥಳಕ್ಕೆ ಹೋಗಿರಲಿಲ್ಲ, ಬರೆದದ್ದೆಲ್ಲ ಸುಳ್ಳು, ತಪ್ಪಾಯಿತು ಎಂದು. ಅವನು ಕೇಳುತ್ತಲೇ ಅಂಚು ತಟ್ಟುವುದನ್ನು ಮುಗಿಸಿದ.

"ಕಾಗದ ನನಗ್ಯಾಕರಿ? ಆ ಕಾಗದ ಊರಾಗ ಯಾರು ಓದ್ಯಾರ? ಚಾವಡ್ಯಾಗ ಕೇಳಿದ್ದೇ ನಂಬ್ಯಾರ. ಹೇಳೋದಿದ್ರ ಅಲ್ಲಿ ಹೇಳ್ರಿ."

ಗುಡ್ಡದ ಕೆಳಗಿನ ಊರು

ಮರುದಿನ ನಾನೂ ಬೀರಪ್ಪನೂ ಚಿಂಚೋಳಿ ಬಸ್ಸು ಹತ್ತಿದೆವು. ನಮ್ಮೂರಿನ ಚಾವಡಿಯ ಮುಂದೆ ಹತ್ತೆಂಟು ಜನ ಇದ್ದರು. ಬಸಣ್ಣನಿದ್ದ. ಐವರು ಪಂಚರಲ್ಲಿ ಬದುಕಿ ಉಳಿದವರಿಬ್ಬರೂ ಇದ್ದರು, ಒಬ್ಬ ಶಿವರಾಯ. ನಿಂತುಕೊಂಡು ಹೇಳಿದೆ. ನಾನೂ ಹೋಗಲಿಲ್ಲ, ಪಂಚರೂ ಹೋಗಲಿಲ್ಲ, ಬೀರಪ್ಪನ ಮೇಲೆ ಬರೆದದ್ದು ಸುಳ್ಳು ಪಂಚನಾಮೆ.

ಬಸಣ್ಣ ನಕ್ಕ.

"ಇಂಗ್ಲೆಂಡಿನ ಥಂಡಿ ತಲಿಗಿ ಏರ್ಯಾದ ತಮ್ಮಾ ನಿಂಗ. ಜರಾ ಎಣ್ಣಿ ಹಚ್ಚಿಸ್ಕೋ."

"ಹೋಗಲಿಲ್ಲಂತ ಹ್ಯಾಂಗ ಅಂತೀರಿ ಗೌಡ್ರ?" ಎಂದು ಶಿವರಾಯ ಎದ್ದೇಬಿಟ್ಟ. "ಐದೂ ಮಂದಿ ಹೋಗಿದ್ದೆವು. ಎಂಥಾ ಬಿಸಲು ಅವತ್ತ! ನನ್ನ ಕಾಲಾಗ ಜಾಲಿಮುಳ್ಳು ಮುರೀತಲ್ಲ, ಇಲ್ಲಿ ನೋಡ್ರಿ!" ಎಂದು ಅಂಗಾಲು ಎತ್ತಿ ತೋರಿಸಿದ. ಅಲ್ಲೊಂದು ಕಲೆ ಇತ್ತು. ಜನ ಬಗ್ಗಿ ನೋಡಿದರು. ಅವನು ಸುಳ್ಳಾಡುತ್ತಿರಲಿಲ್ಲ. ಇಪ್ಪತ್ತು ವರ್ಷ ಹೇಳಿ ಹೇಳಿ ಅವನು ನಿಜವಾಗಿ ಗುಡ್ಡ ಹತ್ತಿ ಬಂದಿದ್ದ.

ಹುಡುಗರು ನಗತೊಡಗಿದರು. ಯಾರೋ ಹಿಂದಿನಿಂದ "ಗೌಡ್ರ ಚಿರತಿ!" ಎಂದ.

ನಾನೂ ಬೀರಪ್ಪನೂ ಬಸ್ಸು ನಿಲ್ಲುವ ಕಡೆ ಬಂದು ಕಲ್ಲಿನ ಮೇಲೆ ಕುಳಿತೆವು. ಅವನು ಮರಳುವ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

"ಒಬ್ಬನೂ ನಂಬಲಿಲ್ಲ ಬೀರಪ್ಪಾ" ಎಂದೆ.

"ನಾ ನಂಬ್ತೀನ್ರಿ" ಎಂದ ಅವನು. "ನೀವು ಬರ್ಲಿಲ್ಲ ಅನ್ನೋದು ನನಗಿಂತ ಯಾರಿಗಿ ಗೊತ್ತು? 'ನಡಿ, ಬರ್ತೀನಿ' ಅಂದ್ರಿ. ಹೊಳ್ಳಿ ಗುಡ್ಡಕ್ಕ ಹೋದೆ. ಆ ಕುರಿ ಬಲ್ಲಿ ಕುಂತಿದ್ದೆ, ಹೊತ್ತು ಮುಳುಗೂತನ. ಹದ್ದು ಇಳೀತಿದ್ವು, ಕಲ್ಲು ಒಗೀತಿದ್ದೆ. ಹೆಜ್ಜಿ ಮ್ಯಾಲ ಗಾಳಿಗಿ ಮಣ್ಣು ಬೀಳ್ತದಂತ ಕಂಬಳಿ ಮುಚ್ಚಿದ್ದೆ. ಬಿಸಲಾಗ ಬರಿಮೈಲೆ ಕುಂತಿದ್ದೆ. ಗೌಡ್ರು ಬಂದ್ರ ತೋರಿಸ್ಬೇಕು, ಅಂತ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆ ದಿನದ ಕೆಲಸ ಹೀಗಾಯಿತು ಎಂದು ವರದಿ ಒಪ್ಪಿಸುವವನಂತೆ ಹೇಳಿದ. ವರದಿ ಬರೆದುಕೊಳ್ಳಬೇಕಾಗಿದ್ದವನು ನಾನು.

ನಾನು ಕೇಳಿದೆ: "ಆ ಜಾಗಾ ತೋರಸ್ತೀಯೇನು?"

"ಅಲ್ಲೇನದರಿ ಈಗ? ಖಾಲಿ ಕಲ್ಲು."

"ಆಗ್ಲಿ. ತೋರ್ಸು."

ಅವನು ನನ್ನ ಕಾಲಿನ ಕಡೆ ನೋಡಿದ. ಅಳಿಯ ಕೊಡಿಸಿದ್ದ ಹೊಸ ಬೂಟು.

"ಅವನ್ನ ಬಿಚ್ರಿ. ಗುಡ್ಡದಾಗ ಜಾರ್ತಾವ" ಎಂದು ಎದ್ದು ನಡೆದೇಬಿಟ್ಟ. ನಾನು ಬರುತ್ತೇನೋ ಇಲ್ಲವೋ ಎಂದು ಹಿಂದಿರುಗಿ ನೋಡಲಿಲ್ಲ. ಬಿಸಿಲು ಚೆನ್ನಾಗಿ ಏರಿತ್ತು. ಬೂಟನ್ನು ಕೈಯಲ್ಲಿ ಹಿಡಿದು, ಮುಳ್ಳು ನೋಡಿಕೊಳ್ಳುತ್ತ, ಅವನ ಹಿಂದೆ ಹತ್ತತೊಡಗಿದೆ.